ಹೊಂಗೆ ಎಣ್ಣೆಯ ಜೀಪು

ನನಗೆ ಈಚೆಗೆ ಒಂದು ಚಟ ಹತ್ತಿದೆ, ಶೇಕಡಾ ನೋಡುವುದು. ಬ್ಯಾಟರಿ ಸ್ಕೂಟರ್ ಕೊಂಡ ಮೇಲೆ ಅಂಟಿಕೊಂಡ ರೋಗ ಇದು. ಮನೆ ಬಿಡುವಾಗ ತೊಂಬತ್ತೆಂಟು, ಹಾಸನದ ಬಸ್ ನಿಲ್ದಾಣ ದಾಟುವಾಗ ತೊಂಬತ್ತಾರು, ತರಕಾರಿ ಚೌಕಾಶಿ ಮುಗಿಸಿ ಬಂದು ನೋಡಿದರೆ ಆಗಲೂ ತೊಂಬತ್ತಾರು. ನಿಂತ ಗಾಡಿಯ ಶೇಕಡಾ ಇಳಿಯುವುದಿಲ್ಲ ಎಂದು ಗೊತ್ತು. ಆದರೂ ನೋಡುತ್ತೇನೆ. ದೂರ ಹೋಗಿ ಬಂದ ದಿನ ಚಾರ್ಜಿಗೆ ಹಾಕಿ ಊಟಕ್ಕೆ ಕುಳಿತರೆ ಎರಡು ತುತ್ತಿಗೊಮ್ಮೆ ಎದ್ದು ಹೋಗಿ ಬರುತ್ತೇನೆ. ಅರವತ್ತೊಂದು. ಕೈ ತೊಳೆದು ಮತ್ತೆ ಹೋಗುತ್ತೇನೆ. ಅರವತ್ತೆರಡು. "ಒಲೆ ಮೇಲೆ ಹಾಲಿಟ್ಟು ನೋಡ್ಕೊಳ್ಳಿ ಅಂದ್ರೆ ಒಂದು ಸಲವೂ ನೋಡಲ್ಲ" ಅನ್ನುತ್ತಾಳೆ ನನ್ನ ಹೆಂಡತಿ.

ಪೆಟ್ರೋಲಿನ ಕಾಲದಲ್ಲಿ ಈ ಕಾಟ ಇರಲಿಲ್ಲ. ನಮ್ಮ ಹಳೆಯ ಸ್ಕೂಟರಿಗೆ ಎಷ್ಟು ಎಣ್ಣೆ ಉಳಿದಿದೆ ಎಂದು ತೋರಿಸುವ ಮುಳ್ಳೇ ಇರಲಿಲ್ಲ. ಮುಚ್ಚಳ ತೆಗೆದು, ಗಾಡಿಯನ್ನು ಅಲ್ಲಾಡಿಸಿ, ಕಿವಿ ಕೊಟ್ಟು ಕೇಳಬೇಕು. ತಳದಲ್ಲಿ ಎಲ್ಲೋ ಚುಳುಚುಳು ಎಂದರೆ ಸಾಕು, ಹೊರಟೆವು. ನಡುದಾರಿಯಲ್ಲಿ ಗಾಡಿ ನಿಂತರೆ ಒಂದು ಪಕ್ಕಕ್ಕೆ ಮಲಗುವಷ್ಟು ವಾಲಿಸಿ, ಎತ್ತಿ ನಿಲ್ಲಿಸಿ ಒದ್ದರೆ ಇನ್ನೂ ಎರಡು ಮೈಲಿ ಓಡುತ್ತಿತ್ತು. ಎಷ್ಟಿದೆ ಎಂದು ಗೊತ್ತಿಲ್ಲದ್ದರಲ್ಲಿ ಒಂದು ನೆಮ್ಮದಿ ಇತ್ತು. ಒಮ್ಮೆ ಶಾಂತಿಗ್ರಾಮದ ಆಚೆ ಮಟಮಟ ಮಧ್ಯಾಹ್ನ ಸ್ಕೂಟರ್ ತಳ್ಳಿಕೊಂಡು ಹೋದದ್ದು ಚೆನ್ನಾಗಿ ನೆನಪಿದೆ.

ನೆನಪಿದೆ ಎಂದು ಬರೆದ ಕೂಡಲೇ ಕೈ ನಿಲ್ಲುತ್ತದೆ. ತಳ್ಳಿದ್ದು ನಾನೋ, ನನ್ನ ಹಿಂದೆ ಕೂತಿದ್ದ ಗೆಳೆಯನೋ? ಅವನನ್ನು ಕೇಳಿದರೆ ತಾನೇ ತಳ್ಳಿದ್ದು ಅನ್ನುತ್ತಾನೆ. ಇಬ್ಬರ ಬೆವರೂ ಇಬ್ಬರಿಗೂ ನೆನಪಿದೆ.

ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದಿ ಬಂದವನು. ಮೂವತ್ತು ವರ್ಷಕ್ಕೂ ಮೇಲೆ ಭೌತಶಾಸ್ತ್ರ ಪಾಠ ಮಾಡಿದ್ದೇನೆ. ಅಳೆಯದೆ ಏನನ್ನೂ ನಂಬಬೇಡಿ ಎಂದು ಹುಡುಗರ ತಲೆ ತಿಂದವನು, ನನ್ನ ಬಾಲ್ಯವನ್ನು ಮಾತ್ರ ಒಮ್ಮೆಯೂ ಅಳೆದು ನೋಡಲಿಲ್ಲ. ಅದಕ್ಕೆ ಶಿಕ್ಷೆ ಒಮ್ಮೆ ಚನ್ನರಾಯಪಟ್ಟಣದಲ್ಲಿ ಆಯಿತು. ಅಲ್ಲಿನ ಒಂದು ಕಾಲೇಜಿನಲ್ಲಿ ಇಂಧನ ಉಳಿತಾಯದ ಬಗ್ಗೆ ಮಾತಾಡಲು ಕರೆದಿದ್ದರು. ನಾನು ಎರಡನೆಯ ಮಹಾಯುದ್ಧದ ಕಾಲದ ಇದ್ದಲು ಬಸ್ಸುಗಳ ಕಥೆ ತೆಗೆದೆ. ಬಸ್ಸಿನ ಬೆನ್ನಿಗೆ ಕಟ್ಟಿದ ಒಲೆ, ಅದಕ್ಕೆ ಗಾಳಿ ಹಾಕಲು ಗಾಳಿಚಕ್ರ ತಿರುಗಿಸುವ ಕ್ಲೀನರು, ಏರು ಬಂದಾಗ ಎಲ್ಲರೂ ಇಳಿದು ನಡೆಯುವುದು. "ನಾನೂ ಅರಕಲಗೂಡಿನ ದಾರಿಯಲ್ಲಿ ಅಪ್ಪನ ಕೈ ಹಿಡಿದುಕೊಂಡು ಬಸ್ಸಿನ ಹಿಂದೆ ನಡೆದಿದ್ದೇನೆ" ಎಂದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. "ಸಾ, ನೀವು ಹುಟ್ಟಿದ್ದು ಯಾವಾಗ?"

ಯುದ್ಧ ಮುಗಿದು ಹದಿಮೂರು ವರ್ಷವಾದ ಮೇಲೆ ನಾನು ಹುಟ್ಟಿದ್ದು. ಆ ಬಸ್ಸಿನ ಹಿಂದೆ ನಡೆದದ್ದು ನನ್ನಪ್ಪ, ಅವನ ಅಪ್ಪನ ಕೈ ಹಿಡಿದುಕೊಂಡು. ಅಪ್ಪ ಎಷ್ಟು ಸಲ ಹೇಳಿದ್ದನೋ, ಕೊನೆಗೆ ಅವನ ಕಾಲ ಬುಡದ ದೂಳು ನನ್ನ ಕಾಲಿಗೂ ಹತ್ತಿತ್ತು. ಸಭೆ ನಕ್ಕಿತು. ನಾನೂ ನಕ್ಕೆ. ಆದರೆ ಹಾಸನಕ್ಕೆ ವಾಪಸಾಗುವವರೆಗೂ ಬಸ್ಸಿನ ಸೀಟಿನಲ್ಲಿ ಸರಿಯಾಗಿ ಕೂರಲಾಗಲಿಲ್ಲ.

ಇಷ್ಟಾದ ಮೇಲೂ ಬುದ್ಧಿ ಬರಲಿಲ್ಲ. ನನ್ನ ಬಳಿ ಇನ್ನೊಂದು ಕಥೆ ಇತ್ತು, ಅದನ್ನು ಬಿಡಲು ಮನಸ್ಸಿರಲಿಲ್ಲ. ಅದು ಹೊಂಗೆ ಎಣ್ಣೆಯ ಜೀಪಿನ ಕಥೆ.

ನನಗೆ ಎಂಟು ವರ್ಷ. ಊರು ಹಳ್ಳಿಮೈಸೂರು. ಹೆರಿಗೆಗೆಂದು ತವರಿಗೆ ಬಂದಿದ್ದ ಸೋದರತ್ತೆ ಜವರಮ್ಮನಿಗೆ ಸಾಯಂಕಾಲ ನೋವು ಶುರುವಾಯಿತು. ಸೂಲಗಿತ್ತಿ ಕೈ ಚೆಲ್ಲಿದಳು. ಹೊಳೆನರಸೀಪುರದ ಆಸ್ಪತ್ರೆಗೆ ಸಾಗಿಸಬೇಕು. ಊರಿಗೆಲ್ಲ ಇದ್ದದ್ದು ಪಟೇಲರದೊಂದು ಜೀಪು. ಅದು ಕೆರೆ ಏರಿಯ ಮೇಲೆ ಎಣ್ಣೆ ಮುಗಿದು ನಿಂತಿತು. ಆಗ ನಮ್ಮಜ್ಜಿ ಮನೆಯಿಂದ ಒಂದು ಗಡಿಗೆ ಹೊಂಗೆ ಎಣ್ಣೆ ತರಿಸಿದಳು. ಡ್ರೈವರು ಅದನ್ನು ಟ್ಯಾಂಕಿಗೆ ಸುರಿದ. ಜೀಪು ಕೆಮ್ಮಿತು, ಸೀನಿತು, ಹೊರಟಿತು. ಹೊಳೆನರಸೀಪುರದವರೆಗೂ ದಾರಿಯುದ್ದಕ್ಕೂ ಹೊಂಗೆ ಎಣ್ಣೆಯ ಕಟು ವಾಸನೆ. ನಾನು ಹಿಂದಿನ ಸೀಟಿನಲ್ಲಿ ಅತ್ತೆಯ ಕಾಲ ಹತ್ತಿರ ಕೂತಿದ್ದೆ. ಆ ವಾಸನೆ ಈಗಲೂ ಮೂಗಿನಲ್ಲಿದೆ. ಅತ್ತೆಗೆ ಹೆಣ್ಣು ಮಗು ಹುಟ್ಟಿತು.

ಈ ಕಥೆಯನ್ನು ನಾನು ತರಗತಿಗಳಲ್ಲಿ, ಮದುವೆಮನೆಗಳಲ್ಲಿ, ರೈಲಿನಲ್ಲಿ ಹೇಳಿದ್ದೇನೆ. ಭೂಮಿಯೊಳಗಿನ ಎಣ್ಣೆಗೆ ಅರಬ್ಬರ ಮುಖ ಏಕೆ ನೋಡಬೇಕು, ನಮ್ಮ ಬದುವಿನ ಮೇಲೆ ಮರವಿಲ್ಲವೇ ಎಂದು ಕೊನೆಯಲ್ಲಿ ಒಂದು ಮಾತು ಸೇರಿಸುತ್ತಿದ್ದೆ. ಕೇಳಿದವರು ತಲೆದೂಗುತ್ತಿದ್ದರು. ಅಷ್ಟು ಸಾಕಾಗಿತ್ತು.

ಈ ಏಪ್ರಿಲಿನಲ್ಲಿ ಹೊಳೆನರಸೀಪುರದಲ್ಲಿ ನಂಟರ ಮನೆಯ ನಾಮಕರಣ. ಊಟಕ್ಕೆ ಎಲೆ ಹಾಕುವುದು ತಡವಾಗಿತ್ತು, ನಾನು ಜೀಪಿನ ಕಥೆ ಹೇಳಿದೆ. ಎಲ್ಲರಿಗೂ ಗೊತ್ತಿದ್ದ ಕಥೆಯೇ. ಆದರೆ ಈ ಸಲ ಒಬ್ಬ ಮಾತ್ರ ತಲೆದೂಗದೆ ನೆಟ್ಟ ಕಣ್ಣಿನಿಂದ ಕೇಳುತ್ತಿದ್ದ. ನನ್ನ ಅಣ್ಣನ ಮಗ ಮಂಜ. ಹಳ್ಳಿಮೈಸೂರಿನಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡು ಊರವರ ಹೊಲ ಉಳುತ್ತಾನೆ. ಅವನ ಮನೆಯ ಒಲೆ ಉರಿಯುವುದು ಆ ಟ್ರ್ಯಾಕ್ಟರಿನಿಂದ.

ಮೇ ತಿಂಗಳ ಮೊದಲಲ್ಲಿ ಎರಡು ಒಳ್ಳೆಯ ಮಳೆ ಬಿದ್ದವು. ಅದರ ಮಾರನೆಯ ದಿನ ಮಧ್ಯಾಹ್ನ ಮಂಜ ಹಾಸನದ ನಮ್ಮ ಮನೆಗೆ ಬಂದ. ಕೈಯಲ್ಲಿ ನೀರಿನ ಬಾಟಲಿ, ಒಳಗೆ ಕೆಂಪಗೆ ಏನೋ.

"ಇದೇನೋ, ಕಷಾಯವಾ?"

"ಒಂಗೆಣ್ಣೆ ಚಿಕ್ಕಪ್ಪ. ನಮ್ಮ ಬದದ ಮರದ್ದೇ. ಬೀಜ ಎಲ್ಲಾ ಆಯ್ಸಿ, ಗಾಣದಾಗೆ ಆಡಿಸ್ಕಂಡ್ ಬಂದೆ. ಎರಡು ಕ್ಯಾನ್ ಆಗೈತೆ." ಅವನು ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದ. "ಇದೇ ವಾಸ್ನೆ ತಾನೇ?"

ಇದೇ ವಾಸನೆ. ಜೀಪು, ಕೆರೆ ಏರಿ, ಡ್ರೈವರನ ಖಾಕಿ ಅಂಗಿ, ಎಲ್ಲವೂ ಎದುರಿಗೆ ಬಂದು ನಿಂತವು.

"ನಾಳೆ ಟ್ಯಾಕ್ಟ್ರಿಗೆ ಹಾಕ್ತೀನಿ" ಎಂದ ಮಂಜ. "ಡೀಸೆಲ್ ತರಕ್ಕೆ ಒಳೆನರಸೀಪುರಕ್ಕೆ ಓಗಿಬರೋದ್ರಾಗೇ ಅರ್ಧ ದಿವ್ಸ ಓಯ್ತದೆ. ಮಳೆ ಬಿದ್ದು ಮಣ್ಣು ಹದಕ್ಕೆ ಬಂದೈತೆ, ನಾಕ್ ಮನೆಯೋರು ಕಾಯ್ತಾವ್ರೆ. ಹದ ಮೂರೇ ದಿವ್ಸ. ನೀನ್ ಯೋಳಿದ್ದೇ ಧೈರ್ಯ. ಬರೀ ಎಣ್ಣೇನೇ ಹಾಕಿದ್ದಾ ಚಿಕ್ಕಪ್ಪ? ಡೀಸೆಲ್ಗೀಸೆಲ್ ಏನೂ ಬೆರೆಸಿರ್ನಿಲ್ವಾ?"

ಇಲ್ಲಿ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಗಾಣದ ಹಸಿ ಎಣ್ಣೆ ಡೀಸೆಲಿಗಿಂತ ಎಷ್ಟೋ ಪಾಲು ಮಂದ, ಅದರಲ್ಲಿ ಅಂಟು ಇರುತ್ತದೆ, ಸ್ಪಿರಿಟು ಕ್ಷಾರ ಬೆರೆಸಿ ಕಾಯಿಸಿ ಗ್ಲಿಸರಿನ್ ಬೇರ್ಪಡಿಸಿದರೆ ಮಾತ್ರ ಎಂಜಿನ್ನಿಗೆ ಯೋಗ್ಯ ಎಂದು ನನಗೆ ಗೊತ್ತಿತ್ತು. ಇದನ್ನೇ ಹುಡುಗರಿಗೆ ಹೇಳಿಕೊಟ್ಟಿದ್ದೆ. ಆದರೆ ಮಂಜ ಪಾಠ ಕೇಳಲಿಲ್ಲ, ಕಥೆ ಕೇಳಿದ. ಕಥೆಯಲ್ಲಿ ನಾನೇ ಸಾಕ್ಷಿ.

"ಏನೂ ಬೆರೆಸಿರಲಿಲ್ಲ" ಎಂದೆ. "ನಾನೇ ಕಣ್ಣಾರೆ ನೋಡಿದ್ದೀನಿ."

"ಅಷ್ಟು ಸಾಕು ಬುಡು. ಬೆಳಿಗ್ಗೆ ಡೀಸೆಲ್‌ನಾಗೆ ಸ್ವಲ್ಪ ಉತ್ತು, ಎಣ್ಣೆ ಬಿಸಿಲಿಗಿಟ್ಟು ತೆಳ್ಳಗಾದ್ ಮ್ಯಾಕೆ, ಹತ್ತು ಗಂಟೆಗೆ ಹಾಕ್ತೀನಿ" ಎಂದು ಎದ್ದು ಹೋದ.

ಅವನು ಹೋದ ಮೇಲೆ ಸಂಜೆ ಸ್ಕೂಟರ್ ಚಾರ್ಜಿಗೆ ಹಾಕಲು ಹೊರಗೆ ಬಂದೆ. ಪಕ್ಕದ ಮನೆಯವರು ಗೇಟಿನ ಮೇಲೆ ಕೈಯಿಟ್ಟು ನಿಂತಿದ್ದರು. ಅವರಿಗೆ ನನ್ನ ಗಾಡಿಯ ಮೇಲೆ ದಿನಕ್ಕೊಂದು ಹೊಸ ಕೊಂಕು. "ಕಲ್ಲಿದ್ದಲು ಉರಿಸಿ ಕರೆಂಟ್ ಮಾಡ್ತಾರೆ ಸಾ, ಆ ಕರೆಂಟ್ ನಿಮ್ಮ ಗಾಡಿಗೆ. ಲೆಕ್ಕದಲ್ಲಿ ನಿಮ್ದೂ ಇದ್ದಲು ಗಾಡೀನೇ. ಇದ್ಯಾಕೆ ತಾಪತ್ರಯ, ಬೂವನಹಳ್ಳೀಲಿ ಕಟ್ತಿರೋ ಏರ್‌ಪೋರ್ಟಿಂದ ವಿಮಾನ ಶುರುವಾಗ್ಲಿ, ಎಲ್ಲಾ ಅದರಲ್ಲೇ ಹೋಗಿಬರಾಣ." ದಿನಾ ನಾನು ಇದಕ್ಕೆ ಉತ್ತರ ಕೊಡುತ್ತೇನೆ, ಎಲ್ಲ ಕರೆಂಟೂ ಕಲ್ಲಿದ್ದಲಿನದಲ್ಲ, ನೀರಿನದೂ ಬಿಸಿಲಿನದೂ ಇದೆ ಎಂದು. ಅಂದು ಕೊಡಲಿಲ್ಲ. ಅವರು ಸುಮ್ಮನಿರದೆ ಹಳೆಯ ಗಾಡಿಗಳ ಮಾತು ತೆಗೆದು, "ನಮ್ಮಪ್ಪನ ಹತ್ರ ಒಂದು ಜೀಪಿತ್ತು ಸಾ, ಆಗೆಲ್ಲ ಜೀಪು ಅಂದ್ರೆ ಪೆಟ್ರೋಲೇ, ಡೀಸೆಲ್ ಬಂದಿದ್ದು ಆಮೇಲೆ" ಎಂದರು.

ನನ್ನ ಕೈಯಲ್ಲಿದ್ದ ಪ್ಲಗ್ಗು ಕೈಯಲ್ಲೇ ಉಳಿಯಿತು.

ಇಷ್ಟು ವರ್ಷ ಆ ಕಥೆ ಹೇಳಿದ ಭೌತಶಾಸ್ತ್ರದ ಮೇಷ್ಟ್ರು ಒಂದು ದಿನವಾದರೂ ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಪಟೇಲರ ಜೀಪು ಪೆಟ್ರೋಲಿನದೋ ಡೀಸೆಲಿನದೋ? ಡೀಸೆಲ್ ಎಂಜಿನ್ನು ಒತ್ತಡದ ಕಾವಿನಿಂದಲೇ ಎಣ್ಣೆ ಹೊತ್ತಿಸುತ್ತದೆ, ಅಲ್ಲಾದರೆ ಹೊಂಗೆ ಎಣ್ಣೆ ಸ್ವಲ್ಪ ದೂರ ಓಡಿಸೀತು. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಕಿಡಿ ತಾಗುವ ಮೊದಲೇ ಇಂಧನ ಆವಿಯಾಗಿರಬೇಕು. ಹೊಂಗೆ ಎಣ್ಣೆ ಆವಿಯಾಗುವ ಪೈಕಿಯದಲ್ಲ. ಪೆಟ್ರೋಲ್ ಜೀಪಿಗೆ ಅದನ್ನು ಸುರಿದರೆ ಹೊಳೆನರಸೀಪುರ ಇರಲಿ, ಕೆರೆ ಏರಿಯೂ ದಾಟುವುದಿಲ್ಲ.

ಆ ರಾತ್ರಿ ನಿದ್ದೆ ಬಂತೋ ಇಲ್ಲವೋ ಹೇಳಲಾರೆ, ನನ್ನ ನೆನಪಿಗೆ ಬೆಲೆ ಇಲ್ಲ. ಬೆಳಿಗ್ಗೆ ಆರಕ್ಕೇ ಮಂಜನಿಗೆ ಫೋನ್ ಮಾಡಿದೆ. ಎತ್ತಿದವಳು ಅವನ ಹೆಂಡತಿ ರೂಪ.

"ಅವ್ರು ಓಲಕ್ಕೆ ಓದ್ರು ಮಾವ. ಪೋನು ಇಲ್ಲೇ ಚಾರ್ಜಿಗಾಕೌರೆ. ಏನಾರ ಯೋಳ್ಬೇಕಿತ್ತಾ?"

ಎಣ್ಣೆ ಹಾಕಬೇಡ ಎನ್ನು ಎಂದಿದ್ದರೆ ಮುಗಿಯುತ್ತಿತ್ತು. ಆರು ಅಕ್ಷರದ ಮಾತು. ಆದರೆ ಯಾಕೆ ಎಂದು ಕೇಳುತ್ತಾಳೆ. ನಾನು ಹೇಳಿದ್ದು ಸುಳ್ಳಿರಬಹುದು ಎನ್ನಬೇಕಾಗುತ್ತದೆ. ಸುಳ್ಳೋ ಅಲ್ಲವೋ ನನಗೇ ಖಚಿತವಿಲ್ಲ. ಜೀಪು ಡೀಸೆಲಿನದೇ ಆಗಿದ್ದರೆ? ಅಷ್ಟು ವರ್ಷದ ಕಥೆಯನ್ನು ಒಂದು ಫೋನಿಗಾಗಿ ಕೊಲ್ಲುವುದೇ?

"ಏನೂ ಇಲ್ಲಮ್ಮ, ಸುಮ್ಮನೆ ಮಾಡ್ದೆ" ಎಂದು ಇಟ್ಟುಬಿಟ್ಟೆ.

ಹತ್ತು ಗಂಟೆಗೆ ಇನ್ನೂ ನಾಲ್ಕು ಗಂಟೆ ಇತ್ತು. ಆ ದಿನದ ನಿಜ ಬಲ್ಲವರು ಒಬ್ಬರೇ ಉಳಿದಿದ್ದಾರೆ, ಜವರಮ್ಮತ್ತೆ. ಎಂಬತ್ತು ದಾಟಿದವರು, ಅರಕಲಗೂಡಿನಲ್ಲಿ ಮಗಳು ಭಾಗ್ಯಳ ಮನೆಯಲ್ಲಿದ್ದಾರೆ. ಅರಕಲಗೂಡಿಗೆ ಹೋಗಿ ಕೇಳಿ, ಅಲ್ಲಿಂದ ಹಳ್ಳಿಮೈಸೂರಿಗೆ ಹೋಗಿ ಮಂಜನಿಗೆ ಹೇಳುವುದು ಎಂದು ನಕ್ಷೆ ಹಾಕಿಕೊಂಡೆ. ನೇರವಾಗಿ ಮಂಜನ ಹೊಲಕ್ಕೆ ಹೋಗುವುದು ಬುದ್ಧಿವಂತರ ದಾರಿ. ನಾನು ಮೊದಲು ಸಾಕ್ಷಿ ಹುಡುಕಲು ಹೋದೆ.

ಅರಕಲಗೂಡಿನಲ್ಲಿ ಭಾಗ್ಯಳ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಅತ್ತೆ ಜಗುಲಿಯ ಮೇಲೆ ಬಿಸಿಲು ಕಾಯಿಸುತ್ತಿದ್ದರು.

"ಯಾರ್ಲಾ ಅದು?"

"ನಾನು ಅತ್ತೆ, ನಾಗರಾಜ."

"ನಾಗನಾ? ಸದ್ದೇ ಇಲ್ದಂಗೆ ಬಂದ್ಬುಟ್ಯಲ್ಲೋ. ನಡ್ಕಂಡ್ ಬಂದ್ಯಾ?"

"ಬ್ಯಾಟರಿ ಗಾಡಿ ಅತ್ತೆ. ಸದ್ದು ಮಾಡಲ್ಲ."

"ಸದ್ದಿಲ್ದಿದ್ ಮ್ಯಾಕೆ ಅದೆಂತಾ ಗಾಡೀಲಾ? ಎದುರುಗಡೆ ನಾಯಿ ಬಂದ್ರೆ ಅದುಕ್ಕೆ ಎಂಗ್ ಗೊತ್ತಾಯ್ತದೆ?"

ಭಾಗ್ಯ ಕಿಟಕಿಯಿಂದ ವೈರು ಎಳೆದು ಗಾಡಿಗೆ ಕರೆಂಟು ಕೊಟ್ಟಳು. ಇವಳೇ ಆ ಜೀಪಿನ ಹೆಣ್ಣು ಮಗು, ಈಗ ನಿವೃತ್ತ ಶಾಲಾ ಶಿಕ್ಷಕಿ. "ದನಕ್ಕೆ ಹುಲ್ಲು ಹಾಕ್ದಂಗೆ ಆಯ್ತು ಬಾವ. ನಂಟ್ರು ಬಂದ್ರೆ ಇನ್ಮೇಲೆ ನಂಟ್ರಿಗೊಂದು ಲೋಟ, ಗಾಡಿಗೊಂದು ಪ್ಲಗ್ಗು" ಎಂದು ಒಳಗೆ ಹೋಗಿ ಅಕ್ಕಿರೊಟ್ಟಿ ತಟ್ಟತೊಡಗಿದಳು. ಬೇಡವೆಂದರೆ ಕೇಳುವ ಪೈಕಿಯಲ್ಲ. ನನಗೆ ಕೂರಲಾಗುತ್ತಿಲ್ಲ. ಗಡಿಯಾರ ನೋಡುತ್ತೇನೆ, ಎದ್ದು ಶೇಕಡಾ ನೋಡುತ್ತೇನೆ, ಮತ್ತೆ ಕೂರುತ್ತೇನೆ. ಅತ್ತೆ ಮೊದಲು ಯಾರ್ಯಾರ ಮಂಡಿನೋವು ಎಲ್ಲಿಗೆ ಬಂತು ಎಂದು ವಿಚಾರಿಸಿದರು. ಆಮೇಲೆ ನನ್ನ ತಲೆ ಯಾಕೆ ಬೋಳಾಯಿತು ಎಂದರು. ಒಂಬತ್ತೂಕಾಲಿನ ಹತ್ತಿರ ಬಂದಾಗ ನಾನು ಬಾಯಿ ಹಾಕಿದೆ.

"ಅತ್ತೆ, ಪಟೇಲರ ಜೀಪಲ್ಲಿ ನಿಮ್ಮನ್ನ ಹೆರಿಗೆಗೆ ಕರ್ಕೊಂಡು ಹೋದ್ರಲ್ಲ, ಅವತ್ತು ದಾರಿಯೆಲ್ಲಾ ಹೊಂಗೆ ಎಣ್ಣೆ ವಾಸನೆ ಬರ್ತಿತ್ತಲ್ವಾ?"

"ನೋವು ತಿಂತಾ ಬಿದ್ದಿದ್ದೋಳು ಕಣ್ಲಾ ನಾನು. ವಾಸ್ನೆ ನೋಡ್ಕಂಡು ಕುಂತಿದ್ನಾ?"

"ಜೀಪಿಗೆ ಹೊಂಗೆ ಎಣ್ಣೆ ಹಾಕಿದ್ರಲ್ಲ?"

"ಜೀಪಿಗ್ಯಾರ್ಲಾ ಒಂಗೆಣ್ಣೆ ಹಾಕ್ತಾರೆ? ಅದು ಪೆಟ್ರೋಲ್ ಕುಡ್ಯೋ ಜೀಪು. ಪಟೇಲ್ರಿಗಿಂತ ಜೀಪೇ ಜಾಸ್ತಿ ಕುಡೀತದೆ ಅಂತ ಊರೋರು ಆಡ್ಕಂಡ್ ನಗೋರು." ಅತ್ತೆ ಕಾಲು ಚಾಚಿದರು. "ಏರಿ ಮ್ಯಾಲೆ ಪೆಟ್ರೋಲ್ ಮುಗೀತು. ಸಿಗೋದು ಎಲ್ಲಿ? ನಮ್ಮಪ್ಪ ಎರಡು ಜೊತೆ ಎತ್ತು ಒಡ್ಕಂಡ್ ಬಂದು ಜೀಪಿಗೇ ಕಟ್ತು."

"ಜೀಪಿಗೆ ಎತ್ತು?"

"ಊಂ ಮತ್ತೆ. ನನ್ನ ಇಳ್ಸಿ ಗಾಡಿಗಾಕಿದ್ರೆ ಆಗ್ತಿತ್ತು. ಅವ್ವ ಒಪ್ನಿಲ್ಲ. ಗಾಡೀಲಿ ಕುಲುಕಾಡ್ತದೆ, ಜೀಪಿಗೆ ಸ್ಪ್ರಿಂಗ್ ಐತೆ, ಮೆತ್ತೆ ಐತೆ, ಮಗೀಗೆ ಅದೇ ಸರಿ ಅಂತು. ಡ್ರೈವರು ಸ್ಟೇರಿಂಗ್ ಇಡ್ಕಂಡು ಸಾಯೇಬ್ರಂಗೆ ಕುಂತಿದ್ದ. ಆರ್ನ್ ಬೇರೆ ಒಡೀತಿದ್ದ, ಮುಂದೆ ಎತ್ತು ಬೆದರ್ಕಳ್ಳವು. ನಮ್ಮಪ್ಪ ಬೈದು ನಿಲ್ಲಿಸ್ತು."

ಒಳಗಿನಿಂದ ಭಾಗ್ಯಳ ನಗು ಕೇಳಿಸಿತು. ರೊಟ್ಟಿ ತಟ್ಟೆ ಹಿಡಿದು ಹೊರಗೆ ಬಂದಳು. "ನೀನು ಎಲ್ಲರ ಮುಂದೆ ಒಂಗೆಣ್ಣೆ ಜೀಪು ಅಂತ ಹೇಳೋವಾಗ ನಂಗೆ ಗೊತ್ತಿತ್ತು ಬಾವ. ಸುಮ್ಮನಿದ್ದೆ. ಎತ್ತು ಕಟ್ಟಿದ ಜೀಪಲ್ಲಿ ಬಂದೋಳು ಅನ್ನಿಸ್ಕೊಳ್ಳೋದಕ್ಕಿಂತ ಅದು ವಸಿ ಚೆನ್ನಾಗಿತ್ತು."

ರೊಟ್ಟಿ ತಟ್ಟೆಯನ್ನು ಪಕ್ಕಕ್ಕಿಟ್ಟೆ. ಕಡೆಯ ಹುಲ್ಲುಕಡ್ಡಿ ಹಿಡಿದೆ. "ಆದರೆ ಅತ್ತೆ, ಡ್ರೈವರು ಅಜ್ಜಿ ಹತ್ರ ಗಡಿಗೇಲಿ ಎಣ್ಣೆ ಇಸ್ಕೊಂಡಿದ್ದು ನಾನೇ ನೋಡಿದ್ದೀನಿ."

"ಇಸ್ಕಂಡೋದ. ಪಂಜಿಗೆ. ಕತ್ಲಾಯ್ತಿತ್ತು, ಎತ್ತಿನ ಮುಂದೆ ಪಂಜು ಇಡೀಬೇಕಾಗಿತ್ತು."

"ಮತ್ತೆ ವಾಸನೆ? ನಾನು ಜೀಪಲ್ಲಿ ನಿಮ್ಮ ಕಾಲ ಹತ್ರ ಕೂತಿದ್ನಲ್ಲ?"

"ನೀನಾ!" ಅತ್ತೆ ನನ್ನ ಮುಖವನ್ನು ದಿಟ್ಟಿಸಿ ನೋಡಿದರು. "ನಿನ್ನ ಯಾರ್ಲಾ ಕೂರಿಸ್ಕಂಡಾರು? ನಿಂಗೆ ಮೈತುಂಬ ಕಜ್ಜಿ. ಅವ್ವ ನೆತ್ತಿಯಿಂದ ಅಂಗಾಲ್ಗಂಟ ಒಂಗೆಣ್ಣೆ ಬಳ್ದು ಜಗುಲಿ ಮ್ಯಾಲೆ ಕುಂಡ್ರಿಸಿತ್ತು, ಯಾರ್ನೂ ಮುಟ್ಬ್ಯಾಡ ಅಂತ. ನಾನೂ ಬತ್ತೀನಿ ಅಂತ ನೀನು ಬಡ್ಕಂಡ್ ಅತ್ತಿದ್ದು ಏರಿಗಂಟ ಕೇಳ್ತಿತ್ತು."

ಇಷ್ಟು ವರ್ಷ ಮೂಗಿನಲ್ಲಿ ಉಳಿದಿದ್ದ ಆ ವಾಸನೆ ನನ್ನದೇ ಮೈಯದು.

ನಗಬೇಕಾದ ಜಾಗ. ಆದರೆ ಗೋಡೆಯ ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಮಂಜನ ಮನೆಗೆ ಫೋನ್ ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ರೂಪ ಹೊಲಕ್ಕೆ ಬುತ್ತಿ ತೆಗೆದುಕೊಂಡು ಹೋಗಿರಬೇಕು, ಫೋನು ಖಾಲಿ ಮನೆಯಲ್ಲಿ ಬಡಿದುಕೊಳ್ಳುತ್ತಿರಬೇಕು. ವೈರು ಕಿತ್ತು ಗಾಡಿ ಹತ್ತಿದೆ. ಎಪ್ಪತ್ತನಾಲ್ಕು.

ಬ್ಯಾಟರಿ ಗಾಡಿಯ ಲೆಕ್ಕ ವಿಚಿತ್ರ. ನಿಧಾನ ಹೋದರೆ ದೂರ ಹೋಗುತ್ತದೆ, ಜೋರು ಹೋದರೆ ಶೇಕಡಾ ಕರಗುತ್ತದೆ. ಶೇಕಡಾ ಉಳಿಸಿದರೆ ಮಂಜನ ಎಂಜಿನ್ನು ಹೋಗುತ್ತದೆ. ಕೈ ತಿರುವಿದೆ. ಎಪ್ಪತ್ತು. ಏರಿನಲ್ಲಿ ಅರವತ್ತಾರು. ದಾರಿಯಲ್ಲಿ ಎದುರಿಗೆ ಬಂದ ಪ್ರತಿ ಟ್ರ್ಯಾಕ್ಟರನ್ನೂ ಮಂಜನದೇ ಎಂದುಕೊಂಡೆ. ನಿಂತ ಟ್ರ್ಯಾಕ್ಟರ್ ಕಂಡರೆ ಕತ್ತು ಚಾಚಿ ಚಾಲಕನ ಮುಖ ಹುಡುಕುತ್ತಿದ್ದೆ. ಹೊಂಗೆ ಮರಗಳು ಎಳೆ ಹಸಿರು ಹೊದ್ದು ರಸ್ತೆಯುದ್ದಕ್ಕೂ ನಿಂತಿದ್ದವು. ಅವುಗಳನ್ನು ನೋಡಿದರೆ ನಾಚಿಕೆಯಾಗುತ್ತಿತ್ತು.

ಹಳ್ಳಿಮೈಸೂರು ತಲುಪಿದಾಗ ಹತ್ತೂವರೆ. ಹೊಲದ ಹಾದಿಯಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಬಹುದೇ ಎಂದು ಗಾಡಿ ನಿಲ್ಲಿಸಿ ಕಿವಿಗೊಟ್ಟೆ. ಗೊರವಂಕಗಳ ಸದ್ದು ಬಿಟ್ಟರೆ ಏನೂ ಇಲ್ಲ.

ಟ್ರ್ಯಾಕ್ಟರು ಹೊಲದ ನಡುವೆ ನಿಂತಿತ್ತು. ಮುಂದಿನ ಮುಚ್ಚಳ ಎತ್ತಿತ್ತು. ಮಂಜ ಮೊಣಕೈವರೆಗೂ ಎಣ್ಣೆ ಮಾಡಿಕೊಂಡು ಫಿಲ್ಟರು ಬಿಚ್ಚುತ್ತಿದ್ದ. ಬದುವಿನ ಮೇಲೆ ರೂಪ ಬುತ್ತಿ ಬಿಚ್ಚದೆ ಕೂತಿದ್ದಳು.

"ಚಿಕ್ಕಪ್ಪ ಬಂತು" ಎಂದ ಮಂಜ, ತಲೆ ಎತ್ತದೆ. "ನೋಡು ಬಾ ನಿನ್ನ ಜೀಪು."

"ಎಷ್ಟು ಹೊತ್ತಾಯ್ತು?"

"ಈಗ ತಾನೆ ನಿಂತೋಯ್ತು. ಕಿವಿ ಇಂಡ್ದಂಗೆ ಕಿರುಚ್ತು, ನಿಂತೋಯ್ತು." ಫಿಲ್ಟರು ಎತ್ತಿ ತೋರಿಸಿದ. ಕಂದು ಬಣ್ಣದ ಅಂಟು ಹಲಸಿನ ಮೇಣದ ಹಾಗೆ ಜೋತಾಡುತ್ತಿತ್ತು. "ಬಟ್ಟೇಲಿ ಎರಡು ಸಲ ಸೋಸಿದ್ದೆ. ಡೀಸೆಲ್ ಪಂಪು ಎಲ್ಲಾರ ಓಗಿದ್ರೆ ನನ್ನ ಕತೆ ಮುಗೀತು. ಮೂರು ದಿವ್ಸದ ಹದ."

ನಾನು ಗಾಡಿಯಿಂದ ಇಳಿಯುವ ಮೊದಲೇ ಹೇಳಿಬಿಟ್ಟೆ. ಕುಳಿತು ಯೋಚಿಸಿದರೆ ಹೇಳಲಾರೆನೆಂಬ ಭಯ. ಜೀಪು ಪೆಟ್ರೋಲಿನದು. ಅದಕ್ಕೆ ಎತ್ತು ಕಟ್ಟಿದ್ದರು. ಎಣ್ಣೆ ಪಂಜಿಗೆ. ನಾನು ಜೀಪಿನಲ್ಲಿ ಇರಲೇ ಇಲ್ಲ, ಕಜ್ಜಿ ಹತ್ತಿ ಜಗುಲಿಯ ಮೇಲಿದ್ದೆ.

ಮಂಜ ಸ್ಪಾನರ್ ಕೆಳಗಿಟ್ಟ. ರೂಪ ಮೊದಲು ಬಾಯಿ ಬಿಟ್ಟಳು.

"ಬೆಳಿಗ್ಗೇನೆ ಪೋನ್ ಮಾಡಿದ್ರಲ್ಲ ಮಾವ. ಆಗ್ಲೇ ಒಂದ್ ಮಾತು ಅಂದಿದ್ರೆ ಓಡ್ಬಂದು ತಡೀತಿದ್ದೆ."

"ಆಗ ನನಗೆ ಖಚಿತವಿರಲಿಲ್ಲಮ್ಮ" ಎಂದೆ.

"ಖಚಿತ ಇಲ್ದಿದ್ ಮ್ಯಾಕೆ ನಾಮಕರಣದಾಗೆ ಅಷ್ಟು ಜನದ ಮುಂದೆ ಎಂಗೆ ಯೋಳಿದ್ರಿ?"

ಮೂವತ್ತು ವರ್ಷ ಹುಡುಗರಿಂದ ಪ್ರಶ್ನೆ ಕೇಳಿಸಿಕೊಂಡಿದ್ದೇನೆ. ಇಷ್ಟು ನೇರವಾದದ್ದು ಯಾರೂ ಕೇಳಿರಲಿಲ್ಲ. ಮಂಜನೇ ನನ್ನನ್ನು ಬಿಡಿಸಿದ. "ಬುಡು ರೂಪ. ಕಜ್ಜಿ ಬಂದ್ ಹುಡ್ಗನ್ ಮಾತು ನಂಬಿದ್ದು ನಂದೂ ತಪ್ಪೇ." ಅವನು ನಗಲಿಲ್ಲ. "ಬಾ ಚಿಕ್ಕಪ್ಪ, ಕೈ ಹಾಕು. ಅಂಗಿ ತೆಗ್ದಿಡು, ಕರೆ ಹತ್ತತದೆ."

ಟ್ಯಾಂಕಿನಲ್ಲಿದ್ದ ಹೊಂಗೆ ಎಣ್ಣೆಯನ್ನೆಲ್ಲ ಬಸಿದು ಕ್ಯಾನಿಗೆ ತುಂಬಿದೆವು. ಸೀಟಿನಡಿಯಲ್ಲಿ ಅವನದೊಂದು ಹೊಸ ಫಿಲ್ಟರು ಇತ್ತು, ಅದನ್ನು ಕೂರಿಸಿದ. ಉಳಿದಿದ್ದ ಅರ್ಧ ಕ್ಯಾನು ಡೀಸೆಲ್ ಹಾಕಿದೆವು. ಕೊಳವೆಯೊಳಗೆ ಸೇರಿದ ಗಾಳಿಯನ್ನು ಹೊರಗೆ ಹಾಕಬೇಕು, ಅದಕ್ಕೊಂದು ಪುಟ್ಟ ಕೈಪಂಪು ಇರುತ್ತದೆ. ಅದನ್ನು ಒತ್ತುವ ಕೆಲಸ ನನಗೆ ಬಂತು. ಒತ್ತಿದೆ. ನೊರೆ ಬಂತು. ಒತ್ತಿದೆ. ನೊರೆ. ಹೆಬ್ಬೆರಳು ಬೊಬ್ಬೆ ಬರುವಷ್ಟು ಒತ್ತಿದ ಮೇಲೆ ನೊರೆ ನಿಂತು ಡೀಸೆಲ್ ತಿಳಿಯಾಗಿ ಜಿನುಗಿತು. ಮಂಜ ಬೋಲ್ಟು ಬಿಗಿದು, ಸೀಟು ಹತ್ತಿ, ಒಂದು ಸಲ ಕಣ್ಣು ಮುಚ್ಚಿ ಕೀಲಿ ತಿರುಗಿಸಿದ.

ಎಂಜಿನ್ನು ಗೊರಗೊರ ಎಂದಿತು, ನಿಂತಿತು. ಮತ್ತೆ ತಿರುಗಿಸಿದ. ಬಿಳಿಯ ಹೊಗೆ ಒಂದು ಮುದ್ದೆ ಹೊರಬಂತು, ಹೊಲವೆಲ್ಲ ಹೊಂಗೆ ಕರಿದ ವಾಸನೆ. ಮೂರನೆಯ ಸಲ ಹತ್ತಿಕೊಂಡಿತು. ಮೊದಲು ಕುಂಟುತ್ತಾ, ಆಮೇಲೆ ಸಮವಾಗಿ. ಮಂಜ ಕಾಲು ನಿಮಿಷ ಅದರ ಸದ್ದನ್ನೇ ಕೇಳಿದ. "ಪಂಪು ಉಳೀತು" ಎಂದ. ರೂಪ ಬುತ್ತಿಯ ಗಂಟು ಬಿಚ್ಚಿದಳು.

ಮುದ್ದೆ ಮುರಿಯುವಾಗ ಅವನಿಗೆ ಏನೋ ಹೊಳೆದಂತೆ ಕೈ ನಿಂತಿತು.

"ಚಿಕ್ಕಪ್ಪ, ಜೀಪು ಒಂಗೆಣ್ಣೇಲಿ ಓಡಿರ್ಲೇ ಇಲ್ಲ ಅಲ್ವಾ?"

"ಇಲ್ಲ."

"ನನ್ನ ಟ್ಯಾಕ್ಟ್ರು ಓಡ್ತಲ್ಲ. ನಿಲ್ಲೋಗಂಟ ಓಡ್ತಲ್ಲ?"

"ಓಡ್ತು."

"ಅಂಗಾರೆ ನಮ್ಮ ವಂಶದಾಗೆ ಮೊದ್ಲು ಓಡ್ಸಿದ್ದು ನಾನೇ." ಅವನ ಮುಖದಲ್ಲಿ ಬೆಳಿಗ್ಗೆಯಿಂದ ಮೊದಲ ಸಲ ನಗು ಕಂಡಿತು. "ಅರ್ಧ ಗಂಟೆ ಓಡ್ಸಿವ್ನಿ."

"ಎಲ್ಲಿ ಅರ್ಧ ಗಂಟೆ?" ಎಂದಳು ರೂಪ, ಸಾರು ಬಡಿಸುತ್ತಾ. "ನಾನು ಬುತ್ತಿ ಇಳ್ಸದ್ರೊಳಗೆ ನಿಂತಿತ್ತು. ಹತ್ ನಿಮಿಷ ಇರ್ನಿಲ್ಲ."

"ಲೇ, ಅರ್ಧ ಗಂಟೆ ಕಣೇ."

"ಹತ್ತೇ ನಿಮಿಷ."

ಆಗಿ ಇನ್ನೂ ಒಂದೂವರೆ ಗಂಟೆ ಆಗಿರಲಿಲ್ಲ. ಇಬ್ಬರೂ ಕಣ್ಣಾರೆ ನೋಡಿದವರು. ನನಗೆ ಕೂರಲಾಗಲಿಲ್ಲ. ಕೈ ತೊಳೆದು ಹೊಲಕ್ಕೆ ಇಳಿದೆ. ಬೆಳಿಗ್ಗೆ ಡೀಸೆಲಿನಲ್ಲಿ ಉತ್ತ ಕಡೆಯ ಮಣ್ಣು ಬಿಸಿಲಿಗೆ ಬಿಳಿಚಿಕೊಂಡಿತ್ತು. ನಡುವೆ ಎಣ್ಣೆ ಸೋಸಲು ಅವನು ಒಂದು ಗಂಟೆ ನಿಂತಿದ್ದ. ಆಮೇಲೆ ಹೊಂಗೆ ಎಣ್ಣೆಯಲ್ಲಿ ಉತ್ತ ಮಣ್ಣು ಇನ್ನೂ ಕಪ್ಪಗೆ, ತೇವವಾಗಿ, ಬೇರೆಯಾಗಿ ಕಾಣುತ್ತಿತ್ತು. ಒಂದು ಸುತ್ತಿಗೆ ಎಷ್ಟು ನಿಮಿಷ ಎಂದು ಕೂಗಿ ಕೇಳಿದೆ. ಎರಡು ಎಂದ ಮಂಜ. ಎರಡಕ್ಕೆ ಮಾತ್ರ ಗಂಡ ಹೆಂಡತಿ ಇಬ್ಬರೂ ಒಪ್ಪಿದರು.

ಪಂಚೆ ಎತ್ತಿ ಕಟ್ಟಿ ಕಪ್ಪು ಮಣ್ಣಿನ ಅಂಚಿನಿಂದ ಸುತ್ತುಗಳನ್ನು ಎಣಿಸುತ್ತಾ ನಡೆದೆ. ಹಸಿ ಮಣ್ಣು ಪಾದಕ್ಕೆ ಮೆತ್ತುತ್ತಿತ್ತು. ಬದುವಿನಿಂದ ಮಂಜ ಬಾಯಿ ತುಂಬ ಮುದ್ದೆ ಇಟ್ಟುಕೊಂಡೇ ಕೂಗಿದ.

"ಸರಿಯಾಗ್ ಎಣ್ಸು ಚಿಕ್ಕಪ್ಪ! ಆಮ್ಯಾಕೆ ನೀನು ನಲ್ವತ್ತು ನಿಮಿಷ ಅಂದ್ಬುಟ್ಟೀಯ!"

ಒಂಬತ್ತರವರೆಗೆ ಬಂದಿದ್ದೆ. ಕೊನೆಯದು ಪೂರ್ತಿ ಸುತ್ತೋ ಅರ್ಧವೋ ಎಂದು ಅನುಮಾನ ಬಂತು. ವಾಪಸು ಅಂಚಿಗೆ ಹೋಗಿ ಮತ್ತೆ ಒಂದರಿಂದ ಶುರು ಮಾಡಿದೆ.